ಫ್ಯಾನಿಗೆ ಅಪ್ಪಣೆ ಕೊಟ್ಟವರು ಯಾರು?

(ದಾವಣಗೆರೆಯ ಹಳೇ ಪಿ.ಬಿ. ರಸ್ತೆ ಬದಿಯ ಗ್ಯಾರೇಜು. ಒಬ್ಬರು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬ ಅವರದೇ ಹಿಂದಿನ ಬೆಂಚಿನ ಶಿಷ್ಯ, ಈಗ ಕಾರಿನ ಎಲೆಕ್ಟ್ರಿಕಲ್ ಕೆಲಸಕ್ಕೆ ಹೆಸರು ಮಾಡಿದವನು.)

ಮೇಷ್ಟ್ರು: ಕೇಳಿಸ್ತಿದೆಯೇನಯ್ಯ ಸದ್ದು? ಕೀ ತಿರುಗಿಸಿದ್ದೇನೆ ಅಷ್ಟೆ, ಇಂಜಿನ್ ಇನ್ನೂ ಸ್ಟಾರ್ಟ್ ಮಾಡಿಲ್ಲ. ಆಗಲೇ ರೇಡಿಯೇಟರ್ ಫ್ಯಾನ್ ಬುಸುಗುಡೋಕೆ ಶುರುವಾಯ್ತು. ಬೆಳಗ್ಗೆ ಆರಕ್ಕೆ, ಬಾನೆಟ್ ಮೇಲೆ ಇಬ್ಬನಿ ಕೂತಿರುವಾಗಲೂ ಹೀಗೇ.

ಮೆಕ್ಯಾನಿಕ್: ಕೀ ತೆಗೆದ್ರೆ ನಿಲ್ತೈತಾ ಸಾರ್?

ಮೇಷ್ಟ್ರು: ತಕ್ಷಣ ನಿಲ್ಲುತ್ತೆ.

ಮೆಕ್ಯಾನಿಕ್: ಎಸಿ?

ಮೇಷ್ಟ್ರು: ನಾನು ಎಸಿ ಮುಟ್ಟೋದೇ ಅಪರೂಪ. ಕಿಟಕಿ ಇಳಿಸಿದರೆ ಸಾಕು.

ಮೆಕ್ಯಾನಿಕ್: ಗಾಳಿ ಎಲ್ಲಿಗೆ ಬರಬೇಕು ಅನ್ನೋ ನಾಬ್ ಇರುತ್ತಲ್ರಿ, ಅದನ್ನ ಮುಂದಿನ ಗಾಜಿನ ಗುರುತಿಗೆ ಇಟ್ಟೀರೇನು? ಬಹಳ ಕಾರಿನಾಗೆ ಆ ಗುರುತಿಗೆ ತಿರುಗಿಸಿದ್ರೆ ಗಾಜಿನ ಮಂಜು ಬಿಡಿಸೋಕೆ ಎಸಿ ತಾನೇ ಆನ್ ಆಗುತ್ತೆ. ಎಸಿ ಬಂತು ಅಂದ್ರೆ ಫ್ಯಾನ್ ಬಂತು. ಮಳೆಗಾಲದಾಗೆ ಇದೇ ಕಂಪ್ಲೇಂಟ್ ಹಿಡ್ಕೊಂಡು ಬರೋರು ಎಷ್ಟು ಜನ! ನಾಬ್ ತಿರುಗಿಸಿ ಕಳಿಸ್ತೀನಿ. ದುಡ್ಡು ಕೇಳೋಕೂ ನಾಚಿಕೆ.

ಮೇಷ್ಟ್ರು: ಇಲ್ಲಪ್ಪ, ಅದು ಕಾಲಿನ ಕಡೆಗಿದೆ. ಇರಲಿ, ಒಂದು ಮಾತು ಕೇಳ್ತೀನಿ. ನಮ್ಮ ಕಾಲೇಜಿನ ಅಂಬಾಸಿಡರ್‌ನಲ್ಲಿ ಫ್ಯಾನ್ ಸದಾ ತಿರುಗ್ತಾನೇ ಇತ್ತು. ಅದಕ್ಕಾಗಿ ಯಾರೂ ಗ್ಯಾರೇಜಿಗೆ ಓಡಲಿಲ್ಲ. ಈಗ ಇದು ತಿರುಗಿದರೆ ಯಾಕೆ ಇಷ್ಟು ಗಾಬರಿ?

ಮೆಕ್ಯಾನಿಕ್: ಅದಕ್ಕೆ ಬೆಲ್ಟು ಸಾರ್. ವಾಟರ್ ಪಂಪಿನ ಮೂತಿಗೇ ಫ್ಯಾನ್ ಕಟ್ಟಿರೋರು. ಇಂಜಿನ್ ತಿರುಗಿದ್ರೆ ಅದೂ ತಿರುಗಬೇಕು, ಬೇರೆ ದಾರಿ ಇಲ್ಲ. 1983ರಾಗೆ ಮಾರುತಿ 800 ಬಂತಲ್ರಿ, ಅದರ ಇಂಜಿನ್ ಅಡ್ಡ ಕೂತಿರುತ್ತೆ. ಅಡ್ಡ ಕೂತ ಇಂಜಿನ್ನಿನ ಬೆಲ್ಟು ಇರೋದು ಚಕ್ರದ ಕಡೆ, ರೇಡಿಯೇಟರ್ ಇರೋದು ಮುಂದೆ. ಎರಡಕ್ಕೂ ಮುಖಾಮುಖಿ ಇಲ್ಲ. ಹಂಗಾಗಿ ಫ್ಯಾನಿಗೆ ಬೇರೆ ಮೋಟಾರು ಕೊಟ್ರು. ಮೋಟಾರು ಕೊಟ್ಟ ಮೇಲೆ, ನೀನು ಯಾವಾಗ ತಿರುಗಬೇಕು ಅಂತ ಹೇಳೋರು ಒಬ್ಬರು ಬೇಕಾತು. ನಿಮ್ಮ ತೊಂದರೆ ಇರೋದು ಅಲ್ಲೇ. ಫ್ಯಾನ್ ಚೆನ್ನಾಗೈತೆ, ತಿರುಗ್ತಾ ಐತಲ್ಲ! ಅದಕ್ಕೆ ತಿರುಗು ಅಂತ ಅಪ್ಪಣೆ ಕೊಡ್ತಾ ಇರೋರು ಯಾರು ಅಂತ ಹುಡುಕಬೇಕು.

ಮೇಷ್ಟ್ರು: ಹೊರಗೆ ಇನ್ನೊಂದು ಕಡೆ ತೋರಿಸಿದೆ. ಇಂಜಿನ್ ಬಿಸಿ ಅಳೆಯೋ ಸೆನ್ಸರ್ ಹೋಗಿದೆ, ಹೊಸದು ಹಾಕಿ ಅಂದ. ಬೇಡವಾದರೆ ಡ್ಯಾಶ್‌ಬೋರ್ಡಿಗೆ ಒಂದು ಸ್ವಿಚ್ಚು ಕೂರಿಸಿಕೊಡ್ತೀನಿ, ಬೇಕಾದಾಗ ಹಾಕಿಕೊಳ್ಳಿ ಅಂದ.

ಮೆಕ್ಯಾನಿಕ್: ಸ್ವಿಚ್ಚಿನ ಮಾತು ಎತ್ತಬ್ಯಾಡ್ರಿ ಸಾರ್, ಮೈ ಉರಿಯುತ್ತೆ. ನಮ್ಮ ಕಡೆ ಎರಡು ಕೆಟ್ಟ ಚಾಳಿ ಅದಾವ. ಫ್ಯಾನ್ ಬರದಿದ್ರೆ ಇಗ್ನಿಷನ್ನಿನಿಂದ ಒಂದು ತಂತಿ ಎಳೆದು ‘ಡೈರೆಕ್ಟ್’ ಮಾಡೋದು. ಫ್ಯಾನ್ ನಿಲ್ಲದಿದ್ರೆ ಸ್ವಿಚ್ಚು ಹಾಕೋದು. ಡೈರೆಕ್ಟ್ ಮಾಡಿದ ಕಾರನ್ನ ಇನ್ನೊಬ್ಬರಿಗೆ ಮಾರ್ತಾರೆ. ಕೊಂಡೋರು ಫ್ಯಾನ್ ಸದಾ ತಿರುಗ್ತೈತೆ ಅಂತ ನನ್ನ ಹತ್ರ ಬರ್ತಾರೆ. ನಾನು ಸೆನ್ಸರ್ ನೋಡಿ, ರಿಲೇ ನೋಡಿ, ತಲೆ ಕೆಡಿಸ್ಕೊಂಡು, ಕಡೀಗೆ ಟೇಪ್ ಸುತ್ತಿದ ಕೆಂಪು ತಂತಿ ಒಂದು ಸಿಗ್ತದೆ. ಅದಕ್ಕೇ ಹಳೇ ಕಾರು ಬಂದ್ರೆ ಮೊದಲು ಟೇಪ್ ಹುಡುಕ್ತೀನಿ. ಕಂಪನಿಯೋರು ಹಾಕಿದ ವೈರಿಂಗ್ ಒಂದೇ ನಮೂನಿ ಸುತ್ತಿರುತ್ತೆ, ನಮ್ಮೋರು ಸುತ್ತಿದ್ದು ಎದ್ದು ಕಾಣುತ್ತೆ. (ಬಾನೆಟ್ ಎತ್ತಿ ಟಾರ್ಚ್ ಹಾಕುತ್ತಾ) ನಿಮ್ಮದರಾಗೆ ಅಂಥದ್ದು ಇಲ್ಲ ಬಿಡ್ರಿ.

ಮೇಷ್ಟ್ರು: ಸ್ವಿಚ್ಚು ಯಾಕೆ ಬೇಡ? ಮನೆಯಲ್ಲಿ ಫ್ಯಾನಿಗೆ ಸ್ವಿಚ್ಚು ಇಲ್ಲವೇ?

ಮೆಕ್ಯಾನಿಕ್: ಹರಿಹರದ ಟ್ರಾಫಿಕ್ಕಿನಾಗೆ ಸಿಕ್ಕಿಹಾಕ್ಕೊಂಡು ಫೋನಿನಾಗೆ ಮಾತಾಡ್ತಾ ಸ್ವಿಚ್ಚು ಮರೀತೀರಿ. ಗ್ಯಾಸ್ಕೆಟ್ ಹೋಗುತ್ತೆ, ಹೆಡ್ ಬಾಗುತ್ತೆ.

ಮೇಷ್ಟ್ರು: ನಾನು ಡ್ರೈವ್ ಮಾಡುವಾಗ ಫೋನ್ ಎತ್ತೋದಿಲ್ಲ.

ಮೆಕ್ಯಾನಿಕ್: ನಿಮ್ಮ ಮಗ ಎತ್ತತಾನಲ್ರಿ. ಅದು ಬಿಡ್ರಿ, ಈಗ ಹೇಳ್ರಿ. ಬೆಳಗ್ಗೆ ತಣ್ಣಗಿದ್ದಾಗಲೇ ತಿರುಗಿದ್ರೆ ಇಂಜಿನ್ ಕಾದಿಲ್ಲ ಅಂತ ಆತು. ಮೀಟರಿನಾಗೆ ಟೆಂಪರೇಚರ್ ಮುಳ್ಳು ಎಲ್ಲಿರುತ್ತೆ?

ಮೇಷ್ಟ್ರು: ಅಡಿಯಲ್ಲೇ ಬಿದ್ದಿರುತ್ತೆ. ಚಿತ್ರದುರ್ಗದವರೆಗೆ ಹೋಗಿ ಬಂದರೂ ಮೇಲೇಳೋದಿಲ್ಲ. ಫ್ಯಾನ್ ಅಷ್ಟು ಚೆನ್ನಾಗಿ ತಂಪು ಮಾಡ್ತಿದೆ ಅಂದುಕೊಂಡೆ.

ಮೆಕ್ಯಾನಿಕ್: ಅಲ್ಲೇ ಸುಳಿವು ಐತೆ ನೋಡ್ರಿ. ಹೈವೇನಾಗೆ ಓಡುವಾಗ ಎದುರು ಗಾಳಿನೇ ಸಾಕು, ಫ್ಯಾನಿದ್ರೂ ಅಷ್ಟೆ ಇಲ್ಲದಿದ್ರೂ ಅಷ್ಟೆ. ಅದು ಬೇಕಾಗೋದು ಸಿಗ್ನಲ್ಲಿನಾಗೆ ನಿಂತಾಗ. ಥರ್ಮೋಸ್ಟಾಟ್ ಸರಿ ಇದ್ರೆ ಮುಳ್ಳು ಮಧ್ಯಕ್ಕೆ ಬರಲೇಬೇಕು.

ಮೇಷ್ಟ್ರು: ಅದರ ತತ್ವ ಗೊತ್ತು. ಒಳಗೆ ಮೇಣದ ಗುಂಡು ಇರುತ್ತೆ. ಕರಗಿ ಹಿಗ್ಗಿದಾಗ ಕವಾಟ ತಳ್ಳುತ್ತೆ, ನೀರು ರೇಡಿಯೇಟರಿಗೆ ಹರಿಯುತ್ತೆ.

ಮೆಕ್ಯಾನಿಕ್: ಹೌದ್ರಿ. ಕೆಲವಕ್ಕೆ 82 ಡಿಗ್ರಿ, ಕೆಲವಕ್ಕೆ 88. ಅದರ ಮೈಮೇಲೇ ಬರೆದಿರುತ್ತೆ. ಅಲ್ಲೀವರೆಗೂ ಇಂಜಿನ್ ತನ್ನ ಬಿಸಿ ತಾನೇ ಇಟ್ಕೊಳ್ಳುತ್ತೆ. ಥರ್ಮೋಸ್ಟಾಟ್ ತೆಗೆದು ಎಸೆಯೋದು ಇನ್ನೊಂದು ಚಾಳಿ. ಕಾಯ್ತೈತೆ ಅಂದ್ರೆ ಸಾಕು, ಕಿತ್ತು ಬಿಸಾಕ್ತಾರೆ. ಇಂಜಿನ್ ಬಿಸಿಯಾಗೋಕೆ ಅರ್ಧ ದಾರಿ ಬೇಕು, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಆಯಿಲ್ ಕೆಡುತ್ತೆ. ಕಾರು ಕಾಯೋಕೆ ಕಾರಣ ಬೇರೇನೇ ಇರುತ್ತೆ, ಪಾಪ ಅದಕ್ಕೆ ಶಿಕ್ಷೆ. ನಿಮ್ಮ ಮುಳ್ಳು ಯಾಕೆ ಏಳ್ತಿಲ್ಲ ಅನ್ನೋದು ಆಮೇಲೆ. ಮೊದಲು ರಿಲೇ ಕೀಳ್ತೀನಿ.

(ಬ್ಯಾಟರಿ ಪಕ್ಕದ ಕಪ್ಪು ಪೆಟ್ಟಿಗೆಯ ಮುಚ್ಚಳ ತೆರೆಯುತ್ತಾನೆ. ಮುಚ್ಚಳದ ಒಳಬದಿಯಲ್ಲಿ ಯಾವ ಫ್ಯೂಸು ಯಾವ ರಿಲೇ ಎಲ್ಲಿದೆ ಎಂಬ ನಕ್ಷೆ ಇರುತ್ತದೆ. ಹತ್ತು ವರ್ಷ ಕಾರು ಓಡಿಸಿದವರಲ್ಲೂ ಅದನ್ನು ನೋಡಿದವರು ಕಡಿಮೆ.)

ಮೇಷ್ಟ್ರು: ಆ ಚಿಕ್ಕ ಚೌಕದ ಡಬ್ಬಿಯೇ ರಿಲೇ ಅಲ್ಲವೇ? ಸುರುಳಿಗೆ ಸಣ್ಣ ಪ್ರವಾಹ ಕೊಟ್ಟರೆ ಅಯಸ್ಕಾಂತವಾಗಿ ದೊಡ್ಡ ಪ್ರವಾಹದ ಸಂಪರ್ಕ ಮುಚ್ಚುತ್ತೆ. ಬೋರ್ಡಿನ ಮೇಲೆ ಎಷ್ಟು ಸಲ ಬರೆಸಿದ್ದೆ.

ಮೆಕ್ಯಾನಿಕ್: ಬರ್ಕೊಂಡಿದ್ದೆ ಸಾರ್, ಕಾಪಿ ಮಾಡಿ. ನಾಲ್ಕು ಕಾಲು ಇರ್ತಾವ. 85, 86 ಸುರುಳಿಗೆ. 30ಕ್ಕೆ ಬ್ಯಾಟರಿ, 87ರಿಂದ ಮೋಟಾರಿಗೆ. ಈಗ ಕೀ ಆನ್ ಇರಲಿ, ಫ್ಯಾನ್ ತಿರುಗ್ತಾ ಇರಲಿ. ಕೈ ಮಾತ್ರ ರೆಕ್ಕೆ ಹತ್ರ ತರಬ್ಯಾಡ್ರಿ. ಇಂಜಿನ್ ಆಫ್ ಇದ್ರೂ ಅದು ತಟ್ಟನೆ ತಿರುಗಬಹುದು, ನಮ್ಮ ಹುಡುಗನೊಬ್ಬನ ಬೆರಳಿಗೆ ಆಗೇತಿ. (ರಿಲೇ ಕೀಳುತ್ತಾನೆ. ಫ್ಯಾನ್ ನಿಲ್ಲುತ್ತದೆ.) ನಿಂತ್ತಲ್ಲ? ಇದರ ದಾರೀಲೇ ಕರೆಂಟು ಹೋಗ್ತಾ ಇತ್ತು. ರಿಲೇ ಕಿತ್ತ ಮೇಲೂ ತಿರುಗ್ತಾ ಇದ್ದಿದ್ರೆ ಎರಡೇ ಅರ್ಥ. ಎಲ್ಲೋ ತಂತಿ ತಂತಿ ಕೂಡಿರಬೇಕು, ಇಲ್ಲಾ ಫ್ಯಾನಿಗೆ ಇನ್ನೊಂದು ರಿಲೇ ಇರಬೇಕು. ನಿಧಾನಕ್ಕೊಂದು, ಜೋರಿಗೊಂದು ಅಂತ ಎರಡೆರಡು ಕೊಟ್ಟಿರ್ತಾರೆ ಕೆಲವಕ್ಕೆ.

ಮೇಷ್ಟ್ರು: ಹಾಗಾದರೆ ರಿಲೇ ಕೆಟ್ಟಿದೆ ಅಂತ ತೀರ್ಮಾನವೇ?

ಮೆಕ್ಯಾನಿಕ್: ಆತುರ ಬ್ಯಾಡ್ರಿ. ರಿಲೇನೇ ಒಳಗೆ ಅಂಟಿಕೊಂಡು ತಾನಾಗಿ ತಿರುಗಿಸ್ತಾ ಇರಬಹುದು. ಇಲ್ಲಾ ಯಾರೋ ಅದಕ್ಕೆ ಅಪ್ಪಣೆ ಕೊಡ್ತಾ ಇರಬಹುದು. ಹೊರಗಿಂದ ನೋಡಿದ್ರೆ ಎರಡೂ ಒಂದೇ. ಹಾರನ್ ರಿಲೇನೂ ಇದೇ ಅಳತೆದು, ಅದನ್ನ ಇಲ್ಲಿ ಹಾಕ್ತೀನಿ. (ಹಾಕುತ್ತಾನೆ. ಫ್ಯಾನ್ ಮತ್ತೆ ತಿರುಗುತ್ತದೆ.) ನಿಮ್ಮ ರಿಲೇ ನಿರಪರಾಧಿ.

ಮೇಷ್ಟ್ರು: ಅಂಟಿಕೊಳ್ಳೋದು ಅಂದೆಯಲ್ಲ, ಯಾಕೆ ಅಂಟುತ್ತೆ ಗೊತ್ತೇ? ನಿಂತ ಮೋಟಾರಿನಲ್ಲಿ ಬ್ಯಾಕ್ ಇಎಂಎಫ್ ಇರೋದಿಲ್ಲ. ಶುರುವಾದ ಕ್ಷಣದಲ್ಲಿ ಪ್ರವಾಹ ಮಾಮೂಲಿಗಿಂತ ಹಲವು ಪಟ್ಟು ನುಗ್ಗುತ್ತೆ. ಸಂಪರ್ಕದ ಬಿಂದುವಿನಲ್ಲಿ ಕಿಡಿ ಹಾರಿ ಲೋಹ ಕರಗಿ, ಎರಡೂ ಬೆಸುಗೆಯಾಗಿಬಿಡುತ್ತೆ.

ಮೆಕ್ಯಾನಿಕ್: ಅದು ಸಾರ್! ನಾನು ಇಷ್ಟು ದಿನ ನೋಡಿದ್ದು, ಕಾರಣ ಇವತ್ತು ಸಿಕ್ತು. ಅದಕ್ಕೇ ಅಂಟಿದ ರಿಲೇ ಸಿಕ್ಕಿದ್ರೆ ಹೊಸದು ಹಾಕಿ ಸುಮ್ಮನಾಗೋಲ್ಲ ನಾನು. ಕ್ಲ್ಯಾಂಪ್ ಮೀಟರ್ ಹಾಕಿ ಮೋಟಾರು ಎಷ್ಟು ಆಂಪ್ಸ್ ಎಳೀತೈತೆ ನೋಡ್ತೀನಿ. ಸಣ್ಣ ಕಾರಿಗೆ ಎಂಟು ಹತ್ತು ಆಂಪ್ಸ್ ಸಾಕು. ಬುಷ್ ಸವೆದು ಬಿಗಿಯಾದ ಮೋಟಾರು ಅದರ ಎರಡರಷ್ಟು ಎಳೆಯುತ್ತೆ, ಮೂರು ತಿಂಗಳಿಗೆ ಹೊಸ ರಿಲೇನೂ ಅಂಟಿಸುತ್ತೆ. ಕೆಲವು ಕಾರಿನಾಗೆ ಈ ರಿಲೇಗೆ ಕರೆಂಟು ನೇರ ಬ್ಯಾಟರಿಯಿಂದ ಬರುತ್ತೆ. ಅಲ್ಲಿ ಅಂಟಿದ್ರೆ ಕೀ ತೆಗೆದ್ರೂ ಫ್ಯಾನ್ ನಿಲ್ಲೋದಿಲ್ಲ, ರಾತ್ರಿಯೆಲ್ಲಾ ತಿರುಗುತ್ತೆ.

ಮೇಷ್ಟ್ರು: 35 ಆಂಪಿಯರ್-ಅವರ್ ಬ್ಯಾಟರಿ, 10 ಆಂಪಿಯರ್ ಹೊರೆ. ಲೆಕ್ಕಕ್ಕೆ ಮೂರೂವರೆ ಗಂಟೆ. ಆದರೆ ಸ್ಟಾರ್ಟರ್ ಎಳೆಯುವ ಶಕ್ತಿ ಅದಕ್ಕೂ ಬಹಳ ಮೊದಲೇ ಹೋಗಿರುತ್ತೆ. ನಮ್ಮ ಎದುರುಮನೆಯವರು ಕಾರು ನಿಲ್ಲಿಸಿ ಒಳಗೆ ಹೋದ ಮೇಲೂ ಫ್ಯಾನ್ ತಿರುಗ್ತಿರುತ್ತೆ. ಅವರಿಗೂ ಹೇಳಬೇಕು.

ಮೆಕ್ಯಾನಿಕ್: ಎಷ್ಟು ಹೊತ್ತು ತಿರುಗುತ್ತೆ ಅಂತ ಕೇಳ್ರಿ ಮೊದಲು. ಎರಡು ನಿಮಿಷ, ಐದು ನಿಮಿಷ ತಿರುಗಿ ನಿಂತ್ರೆ ಅದು ಕಂಪನಿಯೋರೇ ಇಟ್ಟ ಏರ್ಪಾಡು. ಇಂಜಿನ್ ಆಫ್ ಮಾಡಿದಾಗ ಪಂಪು ನಿಲ್ತದೆ, ಒಳಗಿನ ಬಿಸಿ ಅಲ್ಲೇ ನಿಂತು ಏರುತ್ತೆ. ಅದನ್ನ ಇಳಿಸೋಕೆ ತಿರುಗುತ್ತೆ. ಊಟ ಮುಗಿಸಿ ಬಂದ್ರೂ ತಿರುಗ್ತಾ ಇದ್ರೆ ಮಾತ್ರ ಇತ್ತ ಕಳಿಸ್ರಿ.

ಮೇಷ್ಟ್ರು: ಸರಿ, ನಮ್ಮ ವಿಚಾರ. ರಿಲೇ ನಿರಪರಾಧಿ ಅಂದೆ. ಹಾಗಿದ್ದರೆ ಸುರುಳಿಗೆ ಪ್ರವಾಹ ಕೊಡ್ತಿರೋರು ಯಾರು?

ಮೆಕ್ಯಾನಿಕ್: ಇಸಿಯು. ನಿಮ್ಮ ಕಾಲಿನ ಹತ್ರ ಕೂತಿರೋ ಕಂಪ್ಯೂಟರ್. ಟೆಸ್ಟ್ ಲ್ಯಾಂಪ್ ಹಿಡಿದು ನೋಡಿದೆ, ಸುರುಳಿಯ ಒಂದು ಕಾಲನ್ನ ಅದೇ ಅರ್ತಿಗೆ ಎಳೀತಾ ಐತೆ. ಈಗ ನಿಮಗೊಂದು ಪ್ರಶ್ನೆ. ನಿಮ್ಮ ಹಳೇ 800 ಇತ್ತಲ್ಲ, ಅದರ ಫ್ಯಾನ್ ಹಿಂಗೆ ಸದಾ ತಿರುಗಿದ್ರೆ ನಾನು ಏನು ಮಾಡ್ತಿದ್ದೆ?

ಮೇಷ್ಟ್ರು: ಅದರಲ್ಲಿ ಥರ್ಮೋಸ್ವಿಚ್ ಇತ್ತು. ಎರಡು ಲೋಹದ ಪಟ್ಟಿ, ಬಿಸಿಗೆ ಬಾಗಿ ಸಂಪರ್ಕ ಮುಚ್ಚೋದು.

ಮೆಕ್ಯಾನಿಕ್: ಅದರ ಕನೆಕ್ಟರ್ ಕೀಳ್ತಿದ್ದೆ. ಫ್ಯಾನ್ ನಿಂತ್ರೆ ಸ್ವಿಚ್ಚು ಒಳಗೇ ಕೂಡಿಕೊಂಡೈತೆ, ಬದಲಾಯಿಸು ಅಂತ. ಮುಗೀತು. ಈಗ ನಿಮ್ಮ ಈ ಕಾರಿನಾಗೆ ಸೆನ್ಸರ್ ಕನೆಕ್ಟರ್ ಕಿತ್ತು ತೋರಿಸ್ತೀನಿ. (ಕೀಳುತ್ತಾನೆ.) ನಿಂತ್ತಾ?

ಮೇಷ್ಟ್ರು: ಇಲ್ಲ. ತಿರುಗ್ತಾನೇ ಇದೆ.

ಮೆಕ್ಯಾನಿಕ್: ನಿಲ್ಲೋದೂ ಇಲ್ಲ. ಚೆನ್ನಾಗಿರೋ ಕಾರಿನಾಗೆ ಇದನ್ನ ಕಿತ್ತರೂ ಫ್ಯಾನ್ ಜೋರಾಗಿ ಶುರುವಾಗುತ್ತೆ. ಅದೇ ಕೆಲಸ, ಉತ್ತರ ಉಲ್ಟಾ. ಹಳೇ ಕಾಲದ ಮೇಸ್ತ್ರಿಗಳು ಎಡವೋದು ಇಲ್ಲೇ. ಕಿತ್ತರೂ ತಿರುಗ್ತಾ ಐತೆ, ಅಂದ್ರೆ ಸೆನ್ಸರ್ ಸರಿ ಐತೆ, ವೈರಿಂಗ್ ಶಾರ್ಟು ಅಂತ ಹೇಳಿ ಇಡೀ ಕಾರು ಬಿಚ್ಚಿಹಾಕ್ತಾರೆ.

ಮೇಷ್ಟ್ರು: ತಡಿ, ತಡಿ. ಇದರ ಹಿಂದಿನ ತರ್ಕ ನನಗೆ ಬೇಕು.

ಮೆಕ್ಯಾನಿಕ್: ಸ್ಕ್ಯಾನರ್ ಹಾಕ್ತೀನಿ, ಅದೇ ಹೇಳ್ತದೆ. 2013ರ ಏಪ್ರಿಲ್ ನಂತರದ ಕಾರಿಗೆ ಒಬಿಡಿ ಟೂ ಇರಲೇಬೇಕು ಅಂತ ಕಾನೂನು ಮಾಡಿದ ಮೇಲೆ ನಮಗೆ ಭಾಳ ಅನುಕೂಲ ಆತು. ಸ್ಟೇರಿಂಗ್ ಕೆಳಗೆ ಹದಿನಾರು ಪಿನ್ನಿನ ಸಾಕೆಟ್ ಐತಲ್ಲ, ಅದು. ಅಂದಂಗೆ ಸಾರ್, ಮೀಟರಿನಾಗೆ ಇಂಜಿನ್ ಚಿತ್ರದ ಹಳದಿ ದೀಪ ಉರೀತಾ ಐತಲ್ರಿ?

ಮೇಷ್ಟ್ರು: ಅದು ಯಾವಾಗಲೂ ಉರಿಯುತ್ತೆ.

ಮೆಕ್ಯಾನಿಕ್: ಯಾವಾಗಲೂ ಉರಿಯೋಕೆ ಅದೇನು ನಂದಾದೀಪ ಏನ್ರಿ? ಇಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು ಅದು. ನೋಡ್ರಿ, ಕೋಡು ಬಂತು, ಪಿ0118. ಲೈವ್ ಡೇಟಾ ತೆಗೆದೀನಿ, ಕೂಲೆಂಟ್ ಟೆಂಪರೇಚರ್ ಎಷ್ಟು ಐತೆ ನೀವೇ ಓದ್ರಿ.

ಮೇಷ್ಟ್ರು: ಮೈನಸ್... ಮೈನಸ್ 40? ದಾವಣಗೆರೆಯಲ್ಲಿ? ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ? ಓ, ಮೈನಸ್ 40ಕ್ಕೆ ಎರಡೂ ಒಂದೇ.

ಮೆಕ್ಯಾನಿಕ್: ಹೌದಾ ಸಾರ್?

ಮೇಷ್ಟ್ರು: ಹೂಂ, ಎರಡು ಗೆರೆಗಳೂ ಅಲ್ಲೊಂದೇ ಕಡೆ ಕೂಡೋದು. ಪರೀಕ್ಷೆಗೆ ಕೊಟ್ಟಿದ್ದೆ, ನೀನು ಬಿಟ್ಟಿರ್ತೀಯ. ಸರಿ, ಈಗ ನನಗೆ ಹೊಳೀತು. ಈ ಸೆನ್ಸರ್ ಒಂದು ಥರ್ಮಿಸ್ಟರ್. ಮಾಮೂಲಿ ಲೋಹಕ್ಕೆ ವಿರುದ್ಧ, ಬಿಸಿಯಾದಷ್ಟೂ ರೋಧ ಕಡಿಮೆ, ತಣ್ಣಗಾದಷ್ಟೂ ಜಾಸ್ತಿ. ತಂತಿ ತುಂಡಾದರೆ ರೋಧ ಅನಂತ. ಅನಂತ ರೋಧ ಅಂದರೆ ಅದರ ಲೆಕ್ಕದಲ್ಲಿ ವಿಪರೀತ ಚಳಿ. ಅದರ ಕೋಷ್ಟಕದ ಕೊನೆಯ ಅಂಕಿ ಮೈನಸ್ 40 ಇರಬೇಕು, ಅಲ್ಲಿಗೆ ಹೋಗಿ ಕೂತಿದೆ.

ಮೆಕ್ಯಾನಿಕ್: ನೂರಕ್ಕೆ ನೂರು.

ಮೇಷ್ಟ್ರು: ಆದರೆ ಇಲ್ಲೊಂದು ವಿರೋಧಾಭಾಸ. ಅಷ್ಟು ಚಳಿ ಅಂತ ನಂಬಿದ ಮೇಲೆ ಫ್ಯಾನ್ ಯಾಕೆ ಹಾಕಬೇಕು? ನಿಲ್ಲಿಸಬೇಕಲ್ಲ?

ಮೆಕ್ಯಾನಿಕ್: ನಂಬಿಲ್ಲ ಸಾರ್, ಅದೇ ವಿಷಯ. ಈ ಅಂಕಿ ಸುಳ್ಳು, ನನ್ನ ಕಣ್ಣು ಹೋಗೈತೆ ಅಂತ ಅದಕ್ಕೆ ಗೊತ್ತಾಗೈತೆ. ಅದಕ್ಕೇ ಕೋಡು ಹಾಕಿ ಹಳದಿ ದೀಪ ಹಚ್ಚೈತೆ. ಇಂಜಿನ್ ನಿಜವಾಗಿ ಎಷ್ಟು ಕಾದೈತೆ ಗೊತ್ತಿಲ್ಲ, ಗೊತ್ತಿಲ್ಲ ಅಂದ ಮೇಲೆ ಫ್ಯಾನ್ ಹಾಕೇ ಇಡು ಅಂತ. ಬರಿದೇ ತಿರುಗಿದ್ರೆ ಒಂದಿಷ್ಟು ಕರೆಂಟು ಹಾಳು. ತಿರುಗದೇ ಇದ್ರೆ ಇಂಜಿನ್ನೇ ಹಾಳು. ಡಿಸೈನ್ ಮಾಡಿದೋರು ಬುದ್ಧಿವಂತರು. ನೀವು ಇಷ್ಟು ದಿನ ಬೈದ್ರಲ್ಲ ಆ ಫ್ಯಾನನ್ನ, ಅದೇ ನಿಮ್ಮ ಇಂಜಿನ್ ಕಾಪಾಡಿದ್ದು.

ಮೇಷ್ಟ್ರು: ಈಗ ಒಪ್ಪಿದೆ. ಹಾಗಾದರೆ ಆ ಇನ್ನೊಬ್ಬ ಹೇಳಿದ್ದೂ ಸರಿ, ಸೆನ್ಸರ್ ಹೋಗಿದೆ. ತರಿಸು.

ಮೆಕ್ಯಾನಿಕ್: ಮತ್ತೆ ಆತುರ! ಕೋಡು ಬಂತು ಅಂತ ಸೆನ್ಸರ್ ಬದಲಾಯಿಸೋದು ಅಂದ್ರೆ ಫೋನ್ ಹತ್ತಲಿಲ್ಲ ಅಂತ ಆ ಕಡೆಯೋರು ಸತ್ತೇ ಹೋದ್ರು ಅಂದಂಗೆ. ಪಿ0118 ಏನು ಹೇಳ್ತದೆ? ಸೆನ್ಸರಿನ ದಾರಿಯಾಗೆ ವೋಲ್ಟೇಜು ಮಿತಿ ಮೀರಿ ಮೇಲೈತೆ ಅಂತ. ದಾರಿ ಅಂದ್ರೆ ಸೆನ್ಸರ್, ಕನೆಕ್ಟರ್, ಎರಡು ತಂತಿ, ಇಸಿಯು ಎಲ್ಲಾ. ಯಾವುದು ಅಂತ ಅದು ಹೇಳಿಲ್ಲ. ಇಗೋ, ಸೆನ್ಸರಿಗೆ ಮಲ್ಟಿಮೀಟರ್ ಇಟ್ಟೆ. ಓದ್ರಿ.

ಮೇಷ್ಟ್ರು: ಒಂದು ಮುಕ್ಕಾಲು ಕಿಲೋ ಓಮ್ ಆಸುಪಾಸು.

ಮೆಕ್ಯಾನಿಕ್: ಇವತ್ತಿನ ಸೆಕೆಗೆ ಸರಿಯಾಗೈತೆ. 20 ಡಿಗ್ರಿಗೆ ಎರಡು, ಎರಡೂವರೆ ಕಿಲೋ ಓಮ್ ಇರುತ್ತೆ. 80 ಡಿಗ್ರಿಗೆ 300 ಓಮ್ ಹತ್ರ ಬರುತ್ತೆ. ಸಂಶಯ ಇದ್ರೆ ಬಿಚ್ಚಿ ಬಿಸಿನೀರಿನಾಗೆ ಅದ್ದಿ ನೋಡಬಹುದು, ಇಲ್ಲಿ ಬೇಕಾಗಿಲ್ಲ. ಸೆನ್ಸರ್ ಬದುಕೈತೆ. ಈಗ ಕನೆಕ್ಟರಿನ ಎರಡೂ ತೂತನ್ನ ಒಂದು ತುಂಡು ತಂತಿಯಿಂದ ಕೂಡಿಸ್ತೀನಿ. ತಂತಿ ಸರಿ ಇದ್ರೆ ಸ್ಕ್ಯಾನರಿನ ಅಂಕಿ ಮೈನಸ್ 40ರಿಂದ ಒಂದೇ ಏಟಿಗೆ ನೂರು ದಾಟಿ ಮೇಲಕ್ಕೆ ಹಾರಬೇಕು.

ಮೇಷ್ಟ್ರು: ರೋಧ ಸೊನ್ನೆ ಅಂದರೆ ವಿಪರೀತ ಬಿಸಿ. ಸರಿ. ಆದರೆ ಅಂಕಿ ಅಲುಗಾಡಲೇ ಇಲ್ಲವಲ್ಲ?

ಮೆಕ್ಯಾನಿಕ್: ಅಲುಗಾಡಲಿಲ್ಲ. ತಂತಿ ಹೋಗೈತೆ. ಈ ಪರೀಕ್ಷೆ ಎರಡು ತಂತಿಯ ಇಂಥ ಸೆನ್ಸರಿಗೆ ಮಾತ್ರ ಹೊಂದುತ್ತೆ ಸಾರ್. ಬೇರೆ ಸೆನ್ಸರಿಗೆ ಹಿಂಗೆ ಕೂಡಿಸಿ ಇಸಿಯು ಸುಟ್ಟುಕೊಂಡೋರು ಅದಾರೆ. ಈಗ ಎರಡರಾಗೆ ಯಾವುದು ಅಂತ ನೋಡಬೇಕು. ಒಂದೊಂದು ತೂತಿನಿಂದ ಬಾಡಿಗೆ ವೋಲ್ಟೇಜು ಅಳೀತೀನಿ. ಇದರಾಗೆ 5 ವೋಲ್ಟ್ ಬಂತು, ಇಸಿಯು ಕಳಿಸ್ತಾ ಐತೆ. ಇನ್ನೊಂದು ಇಸಿಯುಗೆ ವಾಪಸ್ ಹೋಗೋ ಅರ್ತ್ ತಂತಿ. ಮೀಟರನ್ನ ಕಂಟಿನ್ಯೂಟಿಗೆ ತಿರುಗಿಸಿ ನೋಡಿದ್ರೆ ಅದರಾಗೆ ಬೀಪ್ ಬರ್ತಿಲ್ಲ.

ಮೇಷ್ಟ್ರು: ಹೋದ ಪ್ರವಾಹಕ್ಕೆ ಮರಳುವ ದಾರಿ ಇಲ್ಲ. ಮಂಡಲ ಪೂರ್ಣ ಆಗ್ತಿಲ್ಲ.

ಮೆಕ್ಯಾನಿಕ್: ಎಲ್ಲಿ ತುಂಡಾಗೈತೆ ಅಂತ ಹುಡುಕೋದೇ ಈಗ ಕೆಲಸ. ಕಂಪನಿ ಸುತ್ತಿದ ಕೊಳವೆ ಹಿಡ್ಕೊಂಡು ಹಿಂದೆ ಹಿಂದೆ ಹೋಗಬೇಕು. ಬ್ಯಾಟರಿ ತಟ್ಟೆ ಎತ್ತಿದ್ರೆ... ಹೂಂ. ನೋಡ್ರಿ ಇಲ್ಲಿ, ಹಿಕ್ಕೆ. ಚೂರು ಪಾರು ಬಟ್ಟೆ. ಅರ್ಧ ಕಡಲೆಕಾಯಿ ಸಿಪ್ಪೆ.

ಮೇಷ್ಟ್ರು: ಇಲಿ!

ಮೆಕ್ಯಾನಿಕ್: ಇಲಿ ಅಲ್ಲ, ಹೆಗ್ಗಣವೇ ಇರಬೇಕು. ಕೊಳವೆ ಕಡಿದು, ಒಳಗಿನ ತಂತಿಗಳಾಗೆ ಇದೊಂದನ್ನ ತುಂಡು ಮಾಡೈತೆ. ಪಕ್ಕದ್ದರ ಮೇಲಿನ ಪ್ಲಾಸ್ಟಿಕ್ ಹೋಗೈತೆ, ಇನ್ನೂ ಕಡಿದಿಲ್ಲ. ಗ್ಯಾರೇಜಿಗೆ ಬರೋ ವೈರಿಂಗ್ ಕೆಲಸದಾಗೆ ಇವುಗಳದ್ದೇ ದೊಡ್ಡ ಪಾಲು ಸಾರ್. ರಾತ್ರಿ ಇಂಜಿನ್ ಬೆಚ್ಚಗಿರುತ್ತೆ, ಮಳೆ ಇಲ್ಲ, ಬೆಕ್ಕು ಇಲ್ಲ. ಅವಕ್ಕೆ ಇನ್ನೇನು ಬೇಕು?

ಮೇಷ್ಟ್ರು: ಹೊಗೆಸೊಪ್ಪು ಇಟ್ಟರೆ ಬರೋದಿಲ್ಲ ಅಂತಾರೆ. ನುಸಿಗುಳಿಗೆ ಕಟ್ಟಿ ತೂಗುಹಾಕಿ ಅಂತಾನೂ ಹೇಳ್ತಾರೆ.

ಮೆಕ್ಯಾನಿಕ್: ಹೊಗೆಸೊಪ್ಪಿನ ಮೇಲೇ ಗೂಡು ಕಟ್ಟಿದ್ದನ್ನ ನೋಡೀನಿ. ನುಸಿಗುಳಿಗೆ ವಾಸನೆ ಕಾರಿನೊಳಗೆ ನಿಮಗೇ ತಲೆನೋವು ತರುತ್ತೆ, ಅದಕ್ಕೇನೂ ಆಗಲ್ಲ. ಕಾರಿನಾಗೆ ತಿಂಡಿ ಬಿಡಬ್ಯಾಡ್ರಿ, ಅಕ್ಕಿ ಮೂಟೆ ಪಕ್ಕ ನಿಲ್ಲಿಸಬ್ಯಾಡ್ರಿ. ವಾರಗಟ್ಟಲೆ ನಿಲ್ಲಿಸದೇ ಓಡಿಸ್ತಾ ಇರ್ರಿ, ಆಗಾಗ ಬಾನೆಟ್ ಎತ್ತಿ ನೋಡ್ರಿ. ನನಗೆ ಗೊತ್ತಿರೋದು ಇಷ್ಟೆ.

(ತಂತಿಯ ಎರಡು ತುದಿ ಸುಲಿದು ಸೋಲ್ಡರಿಂಗ್ ಐರನ್ ಕಾಯಿಸುತ್ತಾನೆ.)

ಮೇಷ್ಟ್ರು: ಬರೀ ತಿರುಚಿ ಟೇಪ್ ಸುತ್ತಿದರೆ ಆಗೋದಿಲ್ಲವೇ?

ಮೆಕ್ಯಾನಿಕ್: ಇವತ್ತು ಆಗುತ್ತೆ. ಮಳೆಗಾಲದಾಗೆ ನೀರು ಸೇರಿ ಹಸಿರು ಕಿಲುಬು ಹಿಡಿಯುತ್ತೆ. ಇದರಾಗೆ ಹರಿಯೋದು ಸಣ್ಣ ಕರೆಂಟು, ಒಂಚೂರು ಕಿಲುಬಿಗೂ ರೋಧ ಏರಿ ಇಸಿಯುಗೆ ಸುಳ್ಳು ಚಳಿ ತೋರಿಸುತ್ತೆ. ಫ್ಯೂಸೂ ಹೋಗಲ್ಲ, ಕೋಡೂ ಬರಲ್ಲ, ಮೈಲೇಜು ಮಾತ್ರ ಬೀಳುತ್ತೆ. ಅದನ್ನ ಹುಡುಕೋದು ಇದಕ್ಕಿಂತ ಕಷ್ಟ. ಸೋಲ್ಡರ್ ಮಾಡಿ, ಸ್ಲೀವ್ ಹಾಕಿ ಲೈಟರಿನಿಂದ ಬಿಸಿ ಮಾಡಿದ್ರೆ ಬಿಗಿಯಾಗಿ ಕೂರುತ್ತೆ.

ಮೇಷ್ಟ್ರು: ನನ್ನದು ಸುಳ್ಳು ಚಳಿಯ ಕೇಸು. ನಿಜವಾಗಿಯೂ ಕಾದು ಫ್ಯಾನ್ ನಿಲ್ಲದೇ ತಿರುಗೋ ಕಾರು ಬಂದರೆ ಏನು ಮಾಡ್ತೀಯ?

ಮೆಕ್ಯಾನಿಕ್: ಅಲ್ಲಿ ಫ್ಯಾನ್ ಮುಟ್ಟೋದೇ ಇಲ್ಲ, ಅದು ಪಾಪ ದುಡೀತಾ ಇರುತ್ತೆ. ಮೊದಲು ಕೂಲೆಂಟ್ ಎಷ್ಟೈತೆ ನೋಡೋದು, ಅದೂ ತಣ್ಣಗಾದ ಮೇಲೆ. ಕಡಿಮೆ ಇದ್ರೆ ಸೆನ್ಸರಿನ ತುದಿ ನೀರು ಬಿಟ್ಟು ಗಾಳಿಯಾಗೆ ಇರುತ್ತೆ, ಅದು ಹೇಳೋದೂ ತಪ್ಪಾಗುತ್ತೆ. ಕಾದ ರೇಡಿಯೇಟರಿನ ಮುಚ್ಚಳ ಮಾತ್ರ ಯಾರೂ ತೆಗೀಬಾರದು ಸಾರ್. ಮುಖ ಸುಟ್ಟುಕೊಂಡೋರನ್ನ ನೋಡೀನಿ.

ಮೇಷ್ಟ್ರು: ಕುಕ್ಕರ್ ವೆಯ್ಟ್ ಎತ್ತಿದ ಹಾಗೆ. ಆ ಮುಚ್ಚಳದ ಮೇಲೆ 0.9 ಅಂತ ಬರೆದಿರುತ್ತಲ್ಲ, ಅದು ಬಾರ್ ಲೆಕ್ಕ, ಸುಮಾರು 13 ಪಿಎಸ್‌ಐ. ಆ ಒತ್ತಡದಲ್ಲಿ ಬರೀ ನೀರೂ 118 ಡಿಗ್ರಿ ಹತ್ತಿರ ಹೋಗುವವರೆಗೆ ಕುದಿಯೋದಿಲ್ಲ. ಮುಚ್ಚಳ ತಿರುಗಿಸಿದ ಕ್ಷಣ ಒತ್ತಡ ಇಳಿಯುತ್ತೆ, ಇಡೀ ನೀರು ಒಟ್ಟಿಗೇ ಕುದಿದು ಉಕ್ಕುತ್ತೆ. ಮುಚ್ಚಳದ ರಬ್ಬರ್ ಹೋದರೂ ಇದೇ ಸಮಸ್ಯೆ, ಬೇಗ ಕುದಿಯುತ್ತೆ.

ಮೆಕ್ಯಾನಿಕ್: ಇಷ್ಟು ಚೆನ್ನಾಗಿ ಕ್ಲಾಸಿನಾಗೆ ಹೇಳಿದ್ರೆ ಪಾಸಾಗ್ತಿದ್ದೆ ಸಾರ್. ಎರಡನೇದು ಪೈಪು ಮುಟ್ಟಿ ನೋಡೋದು. ಮೇಲಿನ ಪೈಪು ಸುಡ್ತಾ ಐತೆ, ಕೆಳಗಿನದು ತಣ್ಣಗೈತೆ ಅಂದ್ರೆ ನೀರು ಸುತ್ತುತಾ ಇಲ್ಲ. ಥರ್ಮೋಸ್ಟಾಟ್ ತೆರೆದಿಲ್ಲ, ಇಲ್ಲಾ ಪಂಪಿನ ರೆಕ್ಕೆ ತಿಂದುಹೋಗೈತೆ, ಇಲ್ಲಾ ರೇಡಿಯೇಟರ್ ಕಟ್ಟಿಕೊಂಡೈತೆ. ನಮ್ಮ ಕಡೆ ಕಟ್ಟೋದೇ ಜಾಸ್ತಿ. ಕೂಲೆಂಟಿಗೆ ದುಡ್ಡು ಯಾಕೆ ಅಂತ ಬೋರಿನ ನೀರು ಹಾಕ್ತಾರೆ. ಆ ಗಡಸು ನೀರು ಪಾತ್ರೆ ತಳದಾಗೆ ಬಿಳಿ ಬಿಡುತ್ತಲ್ಲ, ಅದೇ ಬಿಳಿ ರೇಡಿಯೇಟರಿನ ಸಣ್ಣ ಸಣ್ಣ ಕೊಳವೆಯಾಗೂ ಬಿಡುತ್ತೆ.

ಮೇಷ್ಟ್ರು: ಹೊರಗಿನಿಂದ ಕಟ್ಟೋದಿಲ್ಲವೇ?

ಮೆಕ್ಯಾನಿಕ್: ಅದನ್ನೇ ಯಾರೂ ನೋಡೋದಿಲ್ಲ! ಮುಂದೆ ಎಸಿ ಕಂಡೆನ್ಸರ್, ಅದರ ಹಿಂದೆ ರೇಡಿಯೇಟರ್. ಎದುರಿಂದ ನೀರು ಹೊಡೆದು ಕ್ಲೀನ್ ಮಾಡಿದೀನಿ ಅಂತಾರೆ. ಇವೆರಡರ ಸಂದಿಯಾಗೆ ಧೂಳು, ಹುಳ, ಒಣಹುಲ್ಲು ಎಲ್ಲಾ ಕಂಬಳಿ ಹಾಸಿದಂಗೆ ಕೂತಿರುತ್ತೆ. ಬಿಚ್ಚದೇ ಕಾಣೋದಿಲ್ಲ. ಸುಗ್ಗಿಯಾಗೆ ರಸ್ತೆ ಮೇಲೆ ಒಕ್ಕಣೆ ಹಾಕ್ತಾರಲ್ಲ, ಅದರ ಮೇಲೆ ಹತ್ತಿಸಿ ಬಂದ ಕಾರು ಬಿಚ್ಚಿದ್ರೆ ಅರ್ಧ ಮೊರ ಹೊಟ್ಟು ಸಿಗ್ತದೆ. ಎಸಿ ಹಾಕಿದಾಗ ಮಾತ್ರ ಫ್ಯಾನ್ ನಿಲ್ಲದೇ ಜೋರಾಗಿ ಅರಚುತ್ತೆ ಅಂದ್ರೂ ಕಂಡೆನ್ಸರ್ ಕಟ್ಟಿರಬಹುದು, ಗ್ಯಾಸು ಜಾಸ್ತಿ ತುಂಬಿರಬಹುದು. ಗ್ಯಾಸಿನ ಒತ್ತಡ 15 ಬಾರ್ ಆಸುಪಾಸು ದಾಟಿದ್ರೆ ಬಹಳ ಕಾರಿನಾಗೆ ಫ್ಯಾನ್ ಜೋರಾಗುತ್ತೆ. ಹೊರಗೆ ನೆತ್ತಿ ಸುಡೋ ಬಿಸಿಲಿದ್ರೆ ಅದೂ ಮಾಮೂಲೇ. ಆಗ ಸುಮ್ಮನಿರಬೇಕು.

(ಬೆಸುಗೆ ಮುಗಿಯುತ್ತದೆ. ಕನೆಕ್ಟರ್ ಕೂರಿಸಿ, ಕೋಡು ಅಳಿಸಿ, ಇಂಜಿನ್ ಸ್ಟಾರ್ಟ್ ಮಾಡುತ್ತಾನೆ. ಫ್ಯಾನ್ ಸುಮ್ಮನಿದೆ.)

ಮೇಷ್ಟ್ರು: 34... 40... ಏರ್ತಿದೆ. ಮೀಟರಿನ ಮುಳ್ಳೂ ಎದ್ದಿತು. ಹಳದಿ ದೀಪ ಆರಿದೆ.

ಮೆಕ್ಯಾನಿಕ್: ಇನ್ನೂ ಮುಗಿದಿಲ್ಲ. ಫ್ಯಾನ್ ನಿಂತ್ರೆ ಸಾಲದು ಸಾರ್, ಹೊತ್ತಿಗೆ ಸರಿಯಾಗಿ ಬರಬೇಕು. ಈ ಕೊನೇ ಪರೀಕ್ಷೆ ಬಿಟ್ಟು ಕಾರು ಕೊಟ್ಟರೆ ನಾಳೆ ರಸ್ತೆ ಮಧ್ಯದಾಗೆ ಹೊಗೆ. ಎಸಿ ಹಾಕಬ್ಯಾಡ್ರಿ, ಹಂಗೇ ಐಡ್ಲಿಂಗಿನಾಗೆ ಬಿಡ್ರಿ. ಹೊತ್ತು ಹಿಡಿಯುತ್ತೆ, ಚಾ ಹೇಳ್ತೀನಿ.

ಮೇಷ್ಟ್ರು: 82ರ ಹತ್ತಿರ ಸ್ವಲ್ಪ ಹೊತ್ತು ನಿಂತೇ ಬಿಡ್ತಲ್ಲ?

ಮೆಕ್ಯಾನಿಕ್: ಥರ್ಮೋಸ್ಟಾಟ್ ತೆರೀತು. ರೇಡಿಯೇಟರಿನಾಗಿದ್ದ ತಣ್ಣೀರು ಒಳಗೆ ಬಂತು. ಅದೂ ಸರಿ ಐತೆ ಅಂತ ಪುಕ್ಕಟೆ ಗೊತ್ತಾತು.

ಮೇಷ್ಟ್ರು: 90... 94... 96. ಬಂತು! ಈಗ ಇಳೀತಿದೆ... 93... 91. ನಿಂತಿತು.

ಮೆಕ್ಯಾನಿಕ್: ಇನ್ನೆರಡು ಸಲ ಹಂಗೇ ಬಂದು ಹೋಗಲಿ. ಆಮೇಲೆ ಎಸಿ ಹಾಕಿ ನೋಡಿ ಮುಗಿಸೋಣ. ಹಾರನ್ ರಿಲೇ ವಾಪಸ್ ಹಾಕೀನಿ, ಒಂದ್ಸಲ ಒತ್ತಿ ನೋಡ್ರಿ.

ಮೇಷ್ಟ್ರು: (ಹಾರನ್ ಒತ್ತಿ) ಸರಿ ಇದೆ. ಎಷ್ಟಾಯ್ತು ಹೇಳು. ಒಂದು ಸಾಮಾನೂ ಹಾಕಿಲ್ಲ ಅಂತ ಕಡಿಮೆ ಹೇಳಬೇಡ, ಅರ್ಧ ದಿನ ನಿಂತಿದ್ದೀಯ.

ಮೆಕ್ಯಾನಿಕ್: ಲೇಬರ್ ಅಷ್ಟೆ ಸಾರ್, ಬರೆದು ಕೊಡ್ತೀನಿ. ಸೆನ್ಸರಿನ ದುಡ್ಡು ಉಳೀತಲ್ಲ, ಅದರಾಗೆ ಕೂಲೆಂಟ್ ಬದಲಾಯಿಸ್ರಿ. ಡಬ್ಬಿಯಾಗಿರೋದರ ಬಣ್ಣ ನೋಡೀರಾ? ಇಟ್ಟಿಗೆ ತೊಳೆದ ನೀರು ಆಗೇತಿ.

ಮೇಷ್ಟ್ರು: ಹಸಿರು ಹಾಕಲೋ, ಗುಲಾಬಿ ಹಾಕಲೋ?

ಮೆಕ್ಯಾನಿಕ್: ಬಣ್ಣ ನೋಡಿ ತರಬ್ಯಾಡ್ರಿ. ಕಾರಿನ ಪುಸ್ತಕ ತೆಗೆದು ಯಾವುದು ಅಂತ ಬರೆದಾರೆ ನೋಡ್ರಿ, ಅದನ್ನೇ ತರ್ರಿ. ಗಟ್ಟಿ ಕೂಲೆಂಟ್ ಆದ್ರೆ ಡಿಸ್ಟಿಲ್ಡ್ ವಾಟರೂ ಅಷ್ಟೇ ಬೇಕು, ಅರ್ಧಕ್ಕರ್ಧ. ಸೋಮವಾರ ಬೆಳಗ್ಗೆ ಇಂಜಿನ್ ತಣ್ಣಗಿರುವಾಗ ತಳ್ಳಿಕೊಂಡಾದ್ರೂ ಬರ್ರಿ, ಓಡಿಸ್ಕೊಂಡು ಬಂದ್ರೆ ಮಧ್ಯಾಹ್ನದವರೆಗೆ ಮುಚ್ಚಳ ಮುಟ್ಟೋದಿಲ್ಲ.